ಫಾರಂಗೆ ಸಹಿ ಹಾಕಿದ್ದೇನೆ, ಪುಟ್ಟಿ

ಪುಟ್ಟಿ,

ಹಗ್ಗ ಕಟ್ಟಿಕೊಂಡು ಹತ್ತೋ ಆ ಸಾಹಸ ಕ್ಯಾಂಪಿನ ಫಾರಂ ನಿನ್ನ ಬ್ಯಾಗಿನ ಮುಂದಿನ ಜೇಬಿನಲ್ಲಿದೆ. ಬೆಳಿಗ್ಗೆ 5ಕ್ಕೇ ರಾಮನಗರದ ಬಸ್ಸು, ಮಾತಾಡೋಕೆ ಹೊತ್ತಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಊಟಕ್ಕೆ ಕೂತಾಗ ನಿನ್ನ ಗೆಳತಿ ಬಗ್ಗೆ 'ಸದಾ ಕಿಸಕಿಸ ಅನ್ನೋ ಹುಡುಗಿ, ಅವಳು ಹಗ್ಗ ಹಿಡಿದರೆ ನೀನು ಹತ್ತೋದು ಬೇಡ' ಅಂದೆನಲ್ಲ, ಹಾಗೆ ಅನ್ನಬಾರದಿತ್ತು. ತಪ್ಪಾಯ್ತು. ಆ ಮಾತು ಅವಳನ್ನು ನೋಡಿ ಬಂದದ್ದಲ್ಲ.

ನನಗಾಗ 12 ವರ್ಷ. ಶಿರಸಿಯ ತೋಟದಲ್ಲಿ ಅಡಿಕೆ ಕೊಯ್ಲು. ಕೊನೆ ಅಂದರೆ ಅಡಿಕೆ ಗೊನೆ, ಅದನ್ನು ಕೊಯ್ಯುವ ಕೊನೆಗೌಡರು ಮರದ ತುದಿಯಲ್ಲಿ, ಹಗ್ಗದ ಕೆಳಗಿನ ತುದಿ ನನ್ನ ಕೈಯಲ್ಲಿ. ಅದನ್ನು ಬಿಗಿಯಾಗಿ ಹಿಡಿದರೆ ಕೊಯ್ದ ಕೊನೆ ಅದರ ಮೇಲೆ ಜಾರಿ ಬರುತ್ತದೆ. ಪಕ್ಕದ ಬಸಿಗಾಲುವೆಯಲ್ಲಿ ಒಂದು ಏಡಿ ಕಂಡಿತು. ಕೆಂಪು ಕಾಲಿನ ಏಡಿ, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಗ್ಗಿದೆ. ಹಗ್ಗ ಸಡಿಲಾಯ್ತು, ಕೊನೆ ಮರಕ್ಕೆ ಬಡಿದು ಅಡಿಕೆಯೆಲ್ಲ ಚೆಲ್ಲಿತು, ಮೇಲೆ ಅವರು ತೊನೆಯುವ ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡುಬಿಟ್ಟರು. ಇಳಿದಾಗ ಎದೆಯ ಚರ್ಮ ತರಚಿ ರಕ್ತ ಜಿನುಗುತ್ತಿತ್ತು. ಬೈಯಲಿಲ್ಲ. 'ನಾನು ಮರ ನೋಡ್ಬೇಕು ತಮ್ಮಾ, ಹಗ್ಗ ನೀನೇ ನೋಡ್ಬೇಕು' ಅಂದರು ಅಷ್ಟೇ. ನಿನ್ನ ಅಜ್ಜನಿಗೂ ಹೇಳಲಿಲ್ಲ. ಮರುದಿನ ಹಗ್ಗವನ್ನು ನನ್ನ ಕೈಗೇ ಕೊಟ್ಟರು. ಯಾಕೆ ಕೊಟ್ಟರೋ, ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ಈಗ ಕೇಳು. ಕೂದಲು ಬಿಗಿಯಾಗಿ ಕಟ್ಟು. ಉಂಗುರ ಮನೆಯಲ್ಲೇ ಬಿಡು. ಸೊಂಟದ ಪಟ್ಟಿಗೆ ಎರಡು ಕೊಕ್ಕೆ ಇರುತ್ತವೆ, ಒಂದನ್ನು ಮುಂದಿನ ಕೇಬಲ್ಲಿಗೆ ಹಾಕಿ ತಿರುಪು ಗಟ್ಟಿ ಮಾಡಿದ ಮೇಲೇ ಇನ್ನೊಂದನ್ನು ಬಿಚ್ಚಬೇಕು, ಎರಡೂ ಒಟ್ಟಿಗೆ ಬಿಚ್ಚುವ ಹಾಗೇ ಇಲ್ಲ. ಕೆಳಗೆ ನಿಂತು ಹಗ್ಗ ಹಿಡಿಯುವ ಸರದಿ ನಿನಗೂ ಬರುತ್ತದೆ. ಆಗ ಬ್ರೇಕ್ ಹಿಡಿಯುವ ಕೈ, ಅಂದರೆ ಹಗ್ಗ ಜಾರದಂತೆ ತಡೆಯುವ ಕೈ, ಹಗ್ಗ ಬಿಡಲೇಬಾರದು, ಯಾರು ಕರೆದರೂ, ಮೂಗು ಕೆರೆದರೂ. ಮೇಲಿರುವವರಿಗೆ ಭಯವಾದರೆ ನಗಬೇಡ, 'ಹಿಡಿದಿದ್ದೀನಿ' ಅಂತ ಜೋರಾಗಿ ಹೇಳು.

ಮತ್ತೆ ಭಾಷಣ ಶುರುವಾಯ್ತು, ಅಲ್ವಾ. ಭಯ ಇದೆ ಪುಟ್ಟಿ, ಸುಳ್ಳು ಯಾಕೆ ಹೇಳಲಿ. ಆದರೆ ಗೆಳತಿಗೋಸ್ಕರ ತಟ್ಟೆ ಬಿಟ್ಟು ಎದ್ದೆಯಲ್ಲ, ಅದು ಇಷ್ಟವಾಯ್ತು. ಇಷ್ಟವಾಯ್ತು ಅಂತ ಆಗಲೇ ಹೇಳಬೇಕಿತ್ತು.

ಕೋಡುಬಳೆ ಎರಡು ಡಬ್ಬ ಇಟ್ಟಿದ್ದಾಳೆ ಅಮ್ಮ. ಒಂದು ನಿನ್ನ ಗೆಳತಿಗೆ ಕೊಡು, ನಾನು ಕೊಟ್ಟಿದ್ದು ಅಂತ ಹೇಳು.

ಅಪ್ಪ