ಡಬ್ಬಿಯ ಮೇಲಿನ ನಾಲ್ಕು ಜಿಬಿ

ತುಮಕೂರು, ಭಾನುವಾರ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನೀನು ಮೊನ್ನೆ ಕಳುಹಿಸಿದ ಮೂರು ಫೋಟೊಗಳನ್ನೂ ನೋಡಿದೆ. ಒಂದರಲ್ಲಿ ಕಂಪ್ಯೂಟರಿನ ಹಿಂಭಾಗವಿದೆ, ಇನ್ನೊಂದರಲ್ಲಿ ಅಂಗಡಿಯವರು ಬರೆದುಕೊಟ್ಟ ಚೀಟಿ, ಮೂರನೆಯದರಲ್ಲಿ ಬರೀ ನಿನ್ನ ಬೆರಳು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ‘ಆಯಿತು ದೊಡ್ಡಪ್ಪ’ ಎಂದುಬಿಡುತ್ತೀಯೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಚೀಟಿಯಲ್ಲಿರುವುದು ಎರಡು ಸಾಮಾನು. ವಿಡಿಯೊ ಎಡಿಟಿಂಗ್ ತಡವರಿಸುತ್ತದೆ ಎಂದು ನಿನಗೆ 4 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರಿನ ಚಿತ್ರದ ಕೆಲಸ ಹೊರುವ ಬಿಡಿಭಾಗ. ಅಜ್ಜಿಗೆ ಚಂದನ ನೋಡಲು ಟಿವಿ ಟ್ಯೂನರ್, ಅಂದರೆ ಕಂಪ್ಯೂಟರಿನಲ್ಲಿ ಟಿವಿ ಹಿಡಿಯುವ ಕಾರ್ಡು. ಎರಡನ್ನೂ ಕೊಳ್ಳಬೇಡ. ಕಾರಣ ಹೇಳದೆ ಬೇಡ ಎನ್ನುವುದು ನಿನ್ನ ಅಪ್ಪನ ಪದ್ಧತಿ. ನಾನು ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದು.

ಅಜ್ಜಿಯದನ್ನು ಮೊದಲು ಮುಗಿಸುತ್ತೇನೆ. ಟ್ಯೂನರ್ ಕಾರ್ಡಿನ ಹುಚ್ಚು ನನಗೂ ಇತ್ತು. 2003ರ ಮಾರ್ಚ್ 23, ವಿಶ್ವಕಪ್ ಫೈನಲ್. ಮನೆಯ ಟಿವಿ ಕೆಟ್ಟಿತ್ತು. ಕಂಪ್ಯೂಟರಿಗೆ ಟ್ಯೂನರ್ ಕಾರ್ಡ್ ಹಾಕಿ, ಕೇಬಲ್ಲಿನ ಕಪ್ಪು ವಯರನ್ನು ನೇರವಾಗಿ ಅದಕ್ಕೇ ಸಿಕ್ಕಿಸಿದ್ದೆ. ಅರ್ಧ ಬೀದಿ ಹದಿನೈದು ಇಂಚಿನ ಮಾನಿಟರಿನ ಮುಂದೆ ಕುಳಿತಿತ್ತು. ನೋಡುವುದು ಸಾಲದೆಂದು ರೆಕಾರ್ಡ್ ಬೇರೆ ಮಾಡುತ್ತಿದ್ದೆ. ಆಸ್ಟ್ರೇಲಿಯಾದವರು 359 ಹೊಡೆದು ಮುಗಿಸಿ ನಮ್ಮವರು ಬ್ಯಾಟು ಹಿಡಿದು ಇಳಿಯುವ ಹೊತ್ತಿಗೆ 40 ಜಿಬಿಯ ಡಿಸ್ಕ್ ತುಂಬಿ ಯಂತ್ರ ನಿಂತೇಹೋಯಿತು. ಅದು ಮತ್ತೆ ಏಳುವಷ್ಟರಲ್ಲಿ ಸಚಿನ್ ಮೊದಲ ಓವರಿನಲ್ಲೇ 4 ರನ್ನಿಗೆ ಔಟಾಗಿದ್ದರು. ಅದಕ್ಕೆ ನಾನೇ ಕಾರಣ ಎಂದು ನಿನ್ನ ಅಪ್ಪ ಇಂದಿಗೂ ನಂಬಿದ್ದಾನೆ.

ಆಗ ವಯರು ಸಿಕ್ಕಿಸಿದರೆ ಚಿತ್ರ ಬರುತ್ತಿದ್ದುದು ಕೇಬಲ್ ಅನಲಾಗ್ ಆಗಿದ್ದರಿಂದ. 2012ರಲ್ಲಿ ಮಹಾನಗರಗಳಿಂದ ಶುರುವಾದ ಡಿಜಿಟಲ್ ಬದಲಾವಣೆ 2017ರ ಮಾರ್ಚ್ ಗಡುವಿನೊಂದಿಗೆ ಹಳ್ಳಿಗಳಿಗೂ ಬಂತು. ಈಗ ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಕೇಬಲ್ ಇಲ್ಲ. ಬಾಕ್ಸ್ ಹೇಗೂ ಬೇಕು ಎಂದ ಮೇಲೆ ಟ್ಯೂನರಿಗೆ ಟ್ಯೂನ್ ಮಾಡುವ ಕೆಲಸವೇ ಉಳಿಯುವುದಿಲ್ಲ. ಬಾಕ್ಸಿನಿಂದ ಬರುವ ಹಳದಿ ವಯರಿನ ಮಸುಕು ಚಿತ್ರವನ್ನು ಮಾನಿಟರಿಗೆ ದಾಟಿಸುವುದಷ್ಟೇ ಅದರ ಪಾಲು.

ಯುಗಾದಿಗೆ ಬಂದಾಗ ನೋಡಿದ್ದೇನೆ, ನಿಮ್ಮ ಬಾಕ್ಸಿನ ಹಿಂದೆ ಚಿತ್ರವನ್ನೂ ಸದ್ದನ್ನೂ ಒಟ್ಟಿಗೆ ಸಾಗಿಸುವ ಎಚ್‌ಡಿಎಂಐ ಇದೆ. ನಿನ್ನ ಮಾನಿಟರಿಗೆ ಕಂಪ್ಯೂಟರಿನಿಂದ ಬರುವುದು ನೀಲಿ ತಲೆಯ ವಿಜಿಎ ಕೇಬಲ್, ಪಕ್ಕದ ಎಚ್‌ಡಿಎಂಐ ಕಿಂಡಿ ಖಾಲಿ. ಒಂದು ಕೇಬಲ್ಲಿನಿಂದ ಇವೆರಡನ್ನೂ ಸೇರಿಸಿದರೆ ಅಜ್ಜಿಗೆ ಟಿವಿ ಸಿದ್ಧ, ಕಂಪ್ಯೂಟರ್ ಆನ್ ಮಾಡುವುದೂ ಬೇಡ. ಮಾನಿಟರಿಗೆ ಸ್ಪೀಕರ್ ಇಲ್ಲವಲ್ಲ, ಅದರ ಹೆಡ್‌ಫೋನ್ ತೂತಿಗೆ ನಿನ್ನ ಸ್ಪೀಕರಿನ ಪಿನ್ನು ಚುಚ್ಚು. ವಿಜಿಎಯಿಂದ ಎಚ್‌ಡಿಎಂಐಗೆ ಬದಲಾಯಿಸುವ ಗುಂಡಿ ಮಾನಿಟರಿನ ಕೆಳಗಡೆ ಇರುತ್ತದೆ. ಅದರ ಮೇಲೊಂದು ಸ್ಟಿಕ್ಕರ್ ಬಿಂದಿ ಅಂಟಿಸು, ಅಜ್ಜಿಗೆ ಕೈಗೆ ಸಿಗುತ್ತದೆ. ಕೇಬಲ್ಲಿಗೆ ದುಡ್ಡು ಕೊಡಬೇಡ, ನನ್ನ ಡ್ರಾಯರಿನಲ್ಲಿ ಐದಾರು ಬಿದ್ದಿವೆ.

ಇನ್ನು ನಿನ್ನ ಕಾರ್ಡು. 4 ಜಿಬಿ ಎಂದ ಕೂಡಲೇ ನಿನ್ನ ಕಣ್ಣು ಅರಳಿರಬೇಕು. ನನ್ನದೂ ಅರಳಿತ್ತು. 2005ರಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ 256 ಎಂಬಿಯ ಕಾರ್ಡು ತಂದೆ. ಇಲ್ಲಿ ಬಂದು ಹಾಕಿ ನೋಡಿದರೆ ಕಾರ್ಡಿನ ಮೈಮೇಲೆ ಇದ್ದದ್ದು 64 ಮಾತ್ರ, ಉಳಿದದ್ದು ಕಂಪ್ಯೂಟರಿನ ಸ್ವಂತ ಮೆಮೊರಿಯಾದ ರ‍್ಯಾಮಿನಿಂದ ಕಡ. ಡಬ್ಬಿಯ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಅದನ್ನು ಬರೆದೇ ಇದ್ದರು. ಓದದಿದ್ದವನು ನಾನು.

ನಿಮ್ಮ ಮನೆಯ ಅಟ್ಟವನ್ನೇ ನೋಡು. ಅಟ್ಟದ ತುಂಬ ಕೊಬ್ಬರಿ ಕಾಯಿ ಇದ್ದರೇನು, ಇಳಿಸಲು ಒಂದೇ ಏಣಿ ಇದ್ದರೆ ಗಂಟೆಗೆ ಇಳಿಯುವುದು ಅಷ್ಟೇ. ಜಿಬಿ ಎನ್ನುವುದು ಅಟ್ಟದ ಅಳತೆ, ಅಂದರೆ ಮೆಮೊರಿಯಲ್ಲಿರುವ ಜಾಗ. ಏಣಿಯ ಅಳತೆಯನ್ನು, ಅಂದರೆ ಆ ಮೆಮೊರಿ ಸೆಕೆಂಡಿಗೆ ಎಷ್ಟು ಸಾಗಿಸುತ್ತದೆ ಎಂಬುದನ್ನು, ಡಬ್ಬಿ ದೊಡ್ಡಕ್ಷರದಲ್ಲಿ ಹೇಳುವುದಿಲ್ಲ. ಜಿಟಿ 1030 ಎಂಬ ಕಾರ್ಡು 2017ರಲ್ಲಿ ಬಂದಾಗ ಅದರಲ್ಲಿ ಜಿಡಿಡಿಆರ್5 ಎಂಬ ವೇಗದ ಮೆಮೊರಿ ಇತ್ತು, ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಎಂಬ ನಿಧಾನದ ಮೆಮೊರಿ ಹಾಕಿ ಬಿಟ್ಟರು, ಅದು ಸಾಗಿಸುವುದು ಸುಮಾರು 17. ಹೆಸರು ಒಂದೇ, 2 ಜಿಬಿ ಎಂಬ ಅಂಕಿಯೂ ಒಂದೇ.

ಜಿಟಿ 730 ಹುಟ್ಟಿದ್ದು 2014ರಲ್ಲಿ. ನೀನು ಜಾತ್ರೆಯಲ್ಲಿ ಮೊಬೈಲಿನಿಂದ ತೆಗೆಯುವ 4ಕೆ ವಿಡಿಯೊ ಎಚ್‌.265 ಎಂಬ ರೂಪದಲ್ಲಿರುತ್ತದೆ, ಅದನ್ನು ಬಿಡಿಸಿ ಓದುವ ಭಾಗವೇ ಆ ಚಿಪ್‌ನಲ್ಲಿಲ್ಲ. ನಿನ್ನ ಯಂತ್ರದ ಏಳನೇ ತಲೆಮಾರಿನ ಐ5 ಪ್ರೊಸೆಸರಿನೊಳಗೇ ಇರುವ ಇಂಟೆಲ್ ಗ್ರಾಫಿಕ್ಸ್ ಅದನ್ನು ಸಲೀಸಾಗಿ ಬಿಡಿಸುತ್ತದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ! ಎಡಿಟಿಂಗ್ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇದೆಯೇ ಎಂದು ಮೊದಲು ನೋಡು. ಪ್ರಾಕ್ಸಿ ಎಂಬ ಸೌಲಭ್ಯವಿದ್ದರೆ ಅದನ್ನೂ ಬಳಸು. ದೊಡ್ಡ ವಿಡಿಯೊಗಳ ಚಿಕ್ಕ ನಕಲು ಮಾಡಿ ಅದರ ಮೇಲೆ ಕತ್ತರಿಸಲು ಬಿಡುತ್ತದೆ, ಕೊನೆಗೆ ಮೂಲ ವಿಡಿಯೊದಿಂದಲೇ ಹೊರತೆಗೆಯುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಆಮೇಲೂ ತಡವರಿಸಿದರೆ, ಎಡಿಟಿಂಗ್ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ಯಂತ್ರದ ಯಾವ ಭಾಗ ನೂರಕ್ಕೆ ನೂರು ಮುಟ್ಟಿ ನಿಂತಿದೆ ಎಂದು ನೋಡು. ನನ್ನ ಊಹೆ, ಮೆಮೊರಿ ಇಲ್ಲವೇ ಡಿಸ್ಕ್. ನಿನ್ನದು 8 ಜಿಬಿಯ ಒಂದೇ ಒಂದು ರ‍್ಯಾಮ್ ಪಟ್ಟಿ, ಡಿಸ್ಕೋ ಇನ್ನೂ ಹಳೆಯ ತಿರುಗುವ ಜಾತಿಯದು. ಎರಡನೇ ಪಟ್ಟಿ ಹಾಕಿದರೆ ಜಾಗವೂ ಹೆಚ್ಚುತ್ತದೆ, ಏಣಿಯೂ ಎರಡಾಗುತ್ತದೆ. ಒಳಗಿನ ಗ್ರಾಫಿಕ್ಸ್ ಉಣ್ಣುವುದು ಇದೇ ರ‍್ಯಾಮಿನಿಂದ. ಡಿಸ್ಕಿನ ಬದಲು ತಿರುಗದ, ವೇಗದ ಎಸ್‌ಎಸ್‌ಡಿ ಹಾಕಿಸು. ಅಪ್ಪ ಕೊಬ್ಬರಿ ಮಾರಿ ಕೊಟ್ಟ ದುಡ್ಡು ಮೊದಲು ಹೋಗಬೇಕಾದದ್ದು ಈ ಎರಡಕ್ಕೆ.

ಮುಂದೆ ನಿಜವಾಗಿಯೂ ಕಾರ್ಡು ಬೇಕಾಗಬಹುದು, ಬ್ಲೆಂಡರ್ ಎಂಬ 3ಡಿ ಚಿತ್ರದ ತಂತ್ರಾಂಶ ಕಲಿಯುತ್ತೇನೆ ಎಂದಿದ್ದೆಯಲ್ಲ. ಆಗ ನೆನಪಿಡು, ನಿನ್ನದು ಆಫೀಸಿನಿಂದ ಬಂದ ಸಪೂರ ಕ್ಯಾಬಿನೆಟ್. ಅದಕ್ಕೆ ಲೋ ಪ್ರೊಫೈಲ್ ಎನ್ನುವ ಗಿಡ್ಡ ಕಾರ್ಡೇ ಆಗಬೇಕು, ಅದನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಗಿಡ್ಡ ಲೋಹದ ಪಟ್ಟಿಯೂ ಡಬ್ಬಿಯಲ್ಲೇ ಇರಬೇಕು. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವಾಟ್. ಬೇರೆ ವಿದ್ಯುತ್ ಪಿನ್ನು ಕೇಳುವ ಕಾರ್ಡು ನಿನಗಲ್ಲ. ಆರ್‌ಟಿಎಕ್ಸ್ 3050ರಲ್ಲಿ 6 ಜಿಬಿಯದು 70 ವಾಟಿನದು, ಅದು ನಡೆಯುತ್ತದೆ. 8 ಜಿಬಿಯದು 130 ವಾಟ್ ಕೇಳುತ್ತದೆ. ಮತ್ತೆ ಅದೇ ಹೆಸರಿನಾಟ. ಆರ್‌ಎಕ್ಸ್ 6400 ಅಂದವಾಗಿ ಕೂರುತ್ತದೆ, 53 ವಾಟ್ ಸಾಕು. ಆದರೆ ವಿಡಿಯೊವನ್ನು ಹೊರತೆಗೆಯುವ ಎನ್‌ಕೋಡರ್ ಅದರಲ್ಲಿಲ್ಲ, ನಿನ್ನ ಕೆಲಸಕ್ಕೆ ಅದು ಕೈಯಿಲ್ಲದ ಆಳು. ಹೊಸ ಕಾರ್ಡುಗಳಲ್ಲಿ ವಿಜಿಎ ಇರುವುದಿಲ್ಲ, ಎಚ್‌ಡಿಎಂಐಗಾಗಿ ನಿನಗೂ ಅಜ್ಜಿಗೂ ಜಗಳ ಬಂದರೆ ಸಣ್ಣ ಸ್ವಿಚ್ ತಂದುಕೊಡುತ್ತೇನೆ.

‘ಎಸ್‌ಎಂಪಿಎಸ್ ಬದಲಾಯಿಸಿ 450 ವಾಟಿನದು ಹಾಕೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ಎಸ್‌ಎಂಪಿಎಸ್ ಎಂದರೆ ಯಂತ್ರಕ್ಕೆಲ್ಲ ವಿದ್ಯುತ್ ಹಂಚುವ ಡಬ್ಬ. ಇಂಥ ಆಫೀಸ್ ಯಂತ್ರಗಳ ಪಿನ್ನುಗಳೇ ಬೇರೆ, ಸಾಮಾನ್ಯ 24 ಪಿನ್ನಿನದು ಸಾಮಾನ್ಯವಾಗಿ ಕೂರುವುದಿಲ್ಲ. ಅದೂ ಅಲ್ಲದೆ ಅಗ್ಗದ 450ರ ಬಂಡವಾಳ ಅದರ ಸ್ಟಿಕ್ಕರಿನಲ್ಲೇ ಇರುತ್ತದೆ. ನನ್ನ ಮೇಜಿನ ಮೇಲೆ ಈಗ ಬಿಚ್ಚಿಟ್ಟಿರುವ ಒಂದರಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿದೆ. ಗುಣಿಸಿ ನೋಡು, 192 ವಾಟ್. ಕಾರ್ಡೂ ಪ್ರೊಸೆಸರೂ ಉಣ್ಣುವುದು ಆ 12 ವೋಲ್ಟಿನಿಂದಲೇ. ಒಳಗೆ ಕೆಪಾಸಿಟರುಗಳು ಪೂರಿಯಂತೆ ಊದಿಕೊಂಡಿವೆ, ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ರಿಪೇರಿಗೆ ತಂದವನು ಕಾರ್ಡೂ ಹೋಯಿತೇ ಎಂದು ಕೇಳುತ್ತಿದ್ದಾನೆ, ಇನ್ನೂ ಪರೀಕ್ಷಿಸಿಲ್ಲ.

ಮುಂದಿನ ವಾರ ತಿಪಟೂರಿಗೆ ಬರುತ್ತೇನೆ, ರ‍್ಯಾಮ್ ಪಟ್ಟಿಯನ್ನೂ ಕೇಬಲ್ಲನ್ನೂ ತರುತ್ತೇನೆ. ಅಷ್ಟರೊಳಗೆ ಟಾಸ್ಕ್ ಮ್ಯಾನೇಜರಿನದೊಂದು, ಎಸ್‌ಎಂಪಿಎಸ್ ಸ್ಟಿಕ್ಕರಿನದೊಂದು ಫೋಟೊ ಕಳುಹಿಸು. ಈ ಸಲ ಬೆರಳು ಬಾರದ ಹಾಗೆ.

ಇಂತಿ,
ನಿನ್ನ ದೊಡ್ಡಪ್ಪ