ವೆಬ್‌ಸೈಟ್: ಬಣ್ಣಕ್ಕಿಂತ ಮೊದಲು ಹೆಸರು ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ವೆಬ್‌ಸೈಟ್ ಮಾಡಿಕೊಳ್ಳಬಹುದು ಎಂದು ನಿಮ್ಮ ಸ್ವಉದ್ಯೋಗ ಪುಟದಲ್ಲಿ ಓದಿದೆ. ಮಾಡಬಹುದು, ಸುಳ್ಳೇನಲ್ಲ. ಆದರೆ ಲೇಖನ ಪೂರ್ತಿ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಆರಿಸುವುದು, ಬಣ್ಣ ಬದಲಾಯಿಸುವುದು, ಇಷ್ಟೇ. ಮಂಡ್ಯದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಹತ್ತಿರ ತಲೆ ಮೇಲೆ ಕೈ ಹೊತ್ತು ಬರುವವರ ತೊಂದರೆ ಬಣ್ಣದ್ದಲ್ಲ.

ಪಾಂಡವಪುರ ಕಡೆಯ ಆಲೆಮನೆಯವರೊಬ್ಬರು ಅಚ್ಚುಬೆಲ್ಲದ ಡಬ್ಬದ ಮೇಲೆಲ್ಲಾ ವೆಬ್‌ಸೈಟ್ ವಿಳಾಸ ಪ್ರಿಂಟ್ ಮಾಡಿಸಿದ್ದರು. ಸೈಟ್ ಮಾಡಿಕೊಟ್ಟ ಹುಡುಗ ಡೊಮೇನ್ ಹೆಸರನ್ನು, ಅಂದರೆ ಆ ವಿಳಾಸವನ್ನೇ, ತನ್ನದೇ ಇಮೇಲ್, ತನ್ನದೇ ಫೋನ್ ನಂಬರಿನಲ್ಲಿ ತೆಗೆದುಕೊಂಡಿದ್ದ. ದುಡ್ಡು ಇವರದು, ಖಾತೆ ಅವನದು. ವರ್ಷ ತುಂಬಿದಾಗ ಮತ್ತೆ ದುಡ್ಡು ಕಟ್ಟಿ ನವೀಕರಿಸಿ ಎಂಬ ಮೇಲ್ ಹೋಗಿದ್ದೂ ಅವನಿಗೇ. ಅಷ್ಟರಲ್ಲಿ ಅವನು ಬೆಂಗಳೂರು ಸೇರಿ ನಂಬರ್ ಬದಲಾಯಿಸಿಬಿಟ್ಟಿದ್ದ.

ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ಸಾಮಾನ್ಯವಾಗಿ ಸ್ವಲ್ಪ ದಿನ ಮಾಮೂಲಿ ದರಕ್ಕೇ ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ 30 ದಿನ ಮೇಲೊಂದಿಷ್ಟು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಅದೂ ದಾಟಿದರೆ ಇನ್ನೈದು ದಿನಕ್ಕೆ ಹೆಸರು ಬಿಟ್ಟುಹೋಗುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಇವರು ನನ್ನ ಅಂಗಡಿಗೆ ಬರುವಷ್ಟರಲ್ಲಿ ಅದೂ ಆಗಿಹೋಗಿತ್ತು. ಉಳಿದ ಡಬ್ಬಗಳಿಗೆಲ್ಲ ಹೊಸ ವಿಳಾಸದ ಸ್ಟಿಕ್ಕರ್ ಹೊಡೆದುಕೊಟ್ಟೆ.

ಹೊಸಬರು ಮೊದಲು ಕಲಿಯಬೇಕಾದ್ದು ಇದೇ ಅಲ್ವಾ? ಯಾರ ಕೈಲಾದರೂ ಮಾಡಿಸಿ, ಡೊಮೇನ್ ಖಾತೆ ಮಾತ್ರ ನಿಮ್ಮ ಇಮೇಲ್‌ನಲ್ಲಿರಲಿ. ಹೋಸ್ಟಿಂಗ್ (ಸೈಟಿನ ಪುಟಗಳನ್ನು ಇಡುವ ಬಾಡಿಗೆ ಜಾಗ) ಬೇರೆ, ಡೊಮೇನ್ ಬೇರೆ. ಎರಡರ ಪಾಸ್‌ವರ್ಡೂ ನಿಮ್ಮ ಹತ್ತಿರ ಬೇಕು. ಮೊದಲ ವರ್ಷದ ದರ ಕಮ್ಮಿ ಅಂತ ಕುಣಿಯಬೇಡಿ, ಎರಡನೇ ವರ್ಷ ಎಷ್ಟು ಅಂತ ಕೇಳಿ. ಬಹಳ ಸಲ ಜಾಸ್ತಿಯೇ ಇರುತ್ತದೆ.

ಇನ್ನು ಥೀಮ್ ವಿಷಯ. ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ 'ಕಸ್ಟಮೈಸ್' ಒತ್ತಿ ಎಂದು ಲೇಖನದಲ್ಲಿದೆ. 2022ರ ಜನವರಿಯಲ್ಲಿ 5.9 ಆವೃತ್ತಿ ಬಂದ ಮೇಲೆ, ಬ್ಲಾಕ್ ಥೀಮ್ (ಪುಟವನ್ನು ತುಂಡು ತುಂಡಾಗಿ ಜೋಡಿಸುವ ಹೊಸ ಬಗೆಯ ಥೀಮ್) ಹಾಕಿಕೊಂಡವರಿಗೆ ಸಾಮಾನ್ಯವಾಗಿ ಆ ಮೆನುವೇ ಕಾಣುವುದಿಲ್ಲ. 'ಎಡಿಟರ್' ಒಳಗೆ ಹೋಗಬೇಕು. ಹಳೇ ವಿಡಿಯೊ ನೋಡಿಕೊಂಡು ಪಾಪ ಸುಮ್ನೆ ಹುಡುಕುತ್ತಾ ಕೂತಿರುತ್ತಾರೆ.

ಅದಕ್ಕಿಂತ ದೊಡ್ಡ ತಾಪತ್ರಯ ಕನ್ನಡ ಅಕ್ಷರದ್ದು. ಥೀಮ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದಂಥವು. ಆ ಬೆಲ್ಲದವರ ಹೊಸ ಸೈಟಿನಲ್ಲಿ 'ಅಚ್ಚುಬೆಲ್ಲ' ಎಂದು ದಪ್ಪಗೆ ಹಾಕಿದರೆ ಚ-ಒತ್ತು, ಲ-ಒತ್ತು ಕೆಳಗಿನ ಸಾಲಿನ ನೆತ್ತಿಗೆ ತಾಗಿದವು. ಲೈನ್ ಹೈಟ್ (ಸಾಲಿನ ಎತ್ತರ) 1.2 ಇದ್ದದ್ದನ್ನು 1.6 ಮಾಡಿದೆ, ಸರಿಹೋಯಿತು. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಇದ್ದರೆ ಸೊನ್ನೆ ಮಾಡಿ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. ನೋಟೊ ಸ್ಯಾನ್ಸ್ ಕನ್ನಡದಂಥ ಉಚಿತ ಫಾಂಟ್ ಹಾಕಿದರೆ ಎಲ್ಲ ಫೋನಿನಲ್ಲೂ ಅಕ್ಷರ ಒಂದೇ ಥರ ಕಾಣುತ್ತದೆ. ನಮ್ಮಂಥ ಡಿಟಿಪಿಯವರು ನುಡಿ, ಬರಹ ತಂತ್ರಾಂಶಗಳ ಹಳೇ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ಹೊಂದಿಸಿದ್ದು) ಹೊಡೆದುಕೊಟ್ಟ ಕರಪತ್ರವನ್ನು ಹಾಗೇ ಪೇಸ್ಟ್ ಮಾಡಬೇಡಿ. ಬಾಯಿಗೆ ಬಾರದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಮೊದಲು ಎಲ್ಲ ಕಡೆ ಕನ್ನಡವಾಗಿಯೇ ಓದಿಸಿಕೊಳ್ಳುವ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ಉಚಿತ ಪರಿವರ್ತಕಗಳಿವೆ.

ಸ್ತ್ರೀಶಕ್ತಿ ಸಂಘದವರಿಗೆ, ರೈತ ಉತ್ಪಾದಕ ಕಂಪನಿಗಳಿಗೆ ತರಬೇತಿ ಕೊಡುವವರಲ್ಲಿ ಒಂದು ವಿನಂತಿ. ಸರ್ಟಿಫಿಕೇಟ್ ಕೈಗಿಡುವ ಮುಂಚೆ ಪ್ರತಿಯೊಬ್ಬರನ್ನೂ ಕೂರಿಸಿ, ಅವರವರ ಡೊಮೇನ್ ಖಾತೆಗೆ ಅವರವರ ಫೋನಿನಿಂದಲೇ ಲಾಗಿನ್ ಮಾಡಿಸಿ. ನವೀಕರಣದ ತಾರೀಖನ್ನು ಅವರ ಕೈಯಲ್ಲೇ ಬರೆಸಿ. ನಿಮ್ಮ ಪುಟದಲ್ಲೂ ಮುಂದಿನ ಕಂತು ಇದರ ಬಗ್ಗೆ ಬರಲಿ.

ಇತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗ, ಮಂಡ್ಯ