ಗೆಳೆಯನಿಗೊಂದು ಪತ್ರ: ಒಂಬತ್ತು ಚೌಕ, ನಾಲ್ಕು ಚೌಕ

ಪ್ರೀತಿಯ ಗೆಳೆಯಾ,

ಮಕ್ಕಳಿಂದ ಕಂಪ್ಯೂಟರಿನಲ್ಲಿ ಕಾಮಿಕ್ಸ್ ಮಾಡಿಸಬೇಕು, ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀಯ. ಆ್ಯಪ್ ವಿಷಯ ಆಮೇಲೆ. ಮೊದಲು ಒಂದು ಲೋಟದ ಕಥೆ ಕೇಳು.

ನಮ್ಮ ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ. ಬಾಯಿ ಬಿಡುವುದೇ ಅಪರೂಪ. ಗಾಜಿನ ಲೋಟ ಒಡೆದ ಕಥೆಯನ್ನು ಒಂಬತ್ತು ಚೌಕಗಳಲ್ಲಿ ಬರೆದಿದ್ದಳು. ಲೋಟ ಮೇಜಿನ ಮೇಲಿದೆ, ಅಂಚಿಗೆ ಬಂತು, ವಾಲಿತು, ಬಿತ್ತು, ಒಡೆಯಿತು, ಅಮ್ಮ ಬಂದರು, ಬೈದರು, ಹೀಗೆ. ನಾನು ಒಂದೇ ಮಾತು ಕೇಳಿದೆ. "ಇದರಲ್ಲಿ ಯಾವುದನ್ನು ತೆಗೆದರೂ ಕಥೆ ಗೊತ್ತಾಗುತ್ತೆ?"

ತುಂಬ ಹೊತ್ತು ಪೆನ್ಸಿಲ್ ಹಿಡಿದು ಕೂತಳು. ಆಮೇಲೆ ಒಂದೊಂದೇ ಹೊಡೆದುಹಾಕುತ್ತಾ ಹೋದಳು. ಉಳಿದದ್ದು ನಾಲ್ಕು. ಮೊದಲನೆಯದರಲ್ಲಿ ಮೇಜಿನ ಅಂಚಿನಲ್ಲಿ ಲೋಟ. ಎರಡನೆಯದು ಪೂರ್ತಿ ಕಪ್ಪು, ನಡುವೆ ಬಿಳಿ ಅಕ್ಷರದಲ್ಲಿ 'ಫಳ್'. ಮೂರನೆಯದರಲ್ಲಿ ಅವಳ ಬರಿಗಾಲು, ಸುತ್ತ ಗಾಜಿನ ಚೂರು, ಮೇಲಿನಿಂದ "ಮತ್ತೆ ನೀನೇನಾ?" ಅನ್ನುವ ಅಮ್ಮನ ಮಾತಿನ ಗುಳ್ಳೆ. ನಾಲ್ಕನೆಯದರಲ್ಲಿ ಮಾತೇ ಇಲ್ಲ. ಮೇಜಿನ ಕೆಳಗೆ ತಮ್ಮನ ಚೆಂಡು, ಅಷ್ಟೇ.

ಅದನ್ನು ನೋಡಿ ನನ್ನ ಗಂಟಲು ಕಟ್ಟಿತು ಕಣೋ. ಲೋಟ ಬೀಳುವುದನ್ನು ಅವಳು ಬರೆದೇ ಇಲ್ಲ, ಆದರೂ ನಾನು ನೋಡಿದೆ. ಚೆಂಡು ತಗುಲಿದ್ದನ್ನೂ ನೋಡಿದೆ. ಎರಡು ಚೌಕಗಳ ನಡುವಿನ ಖಾಲಿ ಜಾಗವನ್ನು ಓದುವವನೇ ತುಂಬಿಕೊಳ್ಳುತ್ತಾನೆ. ಇದೊಂದು ಮಕ್ಕಳಿಗೆ ಹತ್ತಿದರೆ ಉಳಿದದ್ದೆಲ್ಲ ಸಲೀಸು.

ಅದಕ್ಕೇ ಮೊದಲ ಎರಡು ಪೀರಿಯಡ್ ಕಂಪ್ಯೂಟರ್ ಆನ್ ಮಾಡಲೇಬೇಡ. ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿಸು, ಪೆನ್ಸಿಲ್ ಕೊಡು. ನಾನು ಮೊದಲ ಸಲ ರೆಡಿಮೇಡ್ ಗೊಂಬೆಗಳಿರುವ ಆ್ಯಪ್ ತೆರೆದುಕೊಟ್ಟು ಕೆಟ್ಟೆ. ಇಡೀ ಪೀರಿಯಡ್ ಗೊಂಬೆಗೆ ಕೂದಲು ಹಚ್ಚುವುದರಲ್ಲಿ, ಅಂಗಿಯ ಬಣ್ಣ ಬದಲಿಸುವುದರಲ್ಲಿ ಹೋಯಿತು. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

"ನನಗೆ ಚಿತ್ರ ಬರಲ್ಲ ಸರ್" ಅನ್ನುವವರು ಅರ್ಧ ತರಗತಿ ಇರುತ್ತಾರೆ. ಅವರಿಗೆ ಟಾಪ್ಫರ್ ಕಥೆ ಹೇಳು. ರೊಡಾಲ್ಫ್ ಟಾಪ್ಫರ್, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಶಾಲೆ ನಡೆಸುತ್ತಿದ್ದ ಮೇಷ್ಟ್ರು. ಚಿತ್ರಕಾರನಾಗುವ ಆಸೆ ಇತ್ತು, ಕಣ್ಣಿನ ತೊಂದರೆಯಿಂದ ಕೈಬಿಡಬೇಕಾಯಿತು. ಅಂಥವರು 1827ರ ಹೊತ್ತಿಗೆ ಗೀಚಿದ ಚಿತ್ರಕಥೆಗಳೇ ಇವತ್ತಿನ ಕಾಮಿಕ್ಸ್‌ಗೆ ಬುನಾದಿ ಅಂತ ಎಷ್ಟೋ ಜನ ಹೇಳುತ್ತಾರೆ. ಮುಖದ ಒಂದೆರಡು ಗೆರೆ ಬದಲಾದರೆ ಭಾವ ಹೇಗೆ ಬದಲಾಗುತ್ತೆ ಅಂತ 1845ರಲ್ಲಿ ಬರೆದೂ ಇದ್ದಾರೆ. ಬೋರ್ಡಿನ ಮೇಲೆ ಮುಖಕ್ಕೆ ಒಂದು ಸೊನ್ನೆ, ಕಣ್ಣಿಗೆ ಎರಡು ಚುಕ್ಕೆ, ಬಾಯಿಗೆ ಒಂದು ಗೆರೆ, ಮೇಲೆ ಎರಡು ಹುಬ್ಬು ಹಾಕು. ಹುಬ್ಬನ್ನು ಮಾತ್ರ ಅಳಿಸಿ ಅಳಿಸಿ ಬರೆ. ಸಿಟ್ಟು, ಭಯ, ಹೊಟ್ಟೆಕಿಚ್ಚು ಅಂತ ಮಕ್ಕಳೇ ಕೂಗಿ ಹೇಳುತ್ತಾರೆ. ಚಿತ್ರ ಚಂದ ಇದೆ ಅಂತ ಮಾತ್ರ ಯಾರಿಗೂ ಜಾಸ್ತಿ ಅಂಕ ಕೊಡಬೇಡ.

ಶಬ್ದಗಳ ವಿಷಯ ಮರೆಯುತ್ತಿದ್ದೆ. ಮೊದಮೊದಲು ಎಲ್ಲರೂ 'ಬೂಮ್', 'ಕ್ರ್ಯಾಶ್' ಅಂತಲೇ ಬರೆಯುತ್ತಾರೆ. ಕಣ್ಣು ಮುಚ್ಚಿಸಿ ಪುಸ್ತಕ ಬೀಳಿಸು. ನಿಜವಾಗಿ ಏನು ಕೇಳಿಸಿತು ಅಂತ ಕೇಳು. ದಪ್, ಧಡ್, ಪಟಾರ್. ಈ ಆಟಕ್ಕೇ ಅರ್ಧ ಗಂಟೆ ಕೊಟ್ಟರೂ ನಷ್ಟವಿಲ್ಲ. ನಮ್ಮ ಭಾಷೆಯಲ್ಲಿ ಇಂಥ ಪದಗಳಿಗೆ ಬರವೇ ಇಲ್ಲ, ಅಲ್ವಾ?

ಈಗ ಕಂಪ್ಯೂಟರ್. ಸ್ಲೈಡ್ ಮಾಡುವ ಗೂಗಲ್ ಸ್ಲೈಡ್ಸ್ ಅಥವಾ ಲಿಬ್ರೆ ಆಫೀಸ್ ಇಂಪ್ರೆಸ್ ಸಾಕು, ಎರಡಕ್ಕೂ ದುಡ್ಡು ಬೇಡ. ಮಕ್ಕಳು ಹಾಳೆಯಲ್ಲಿ ಬರೆದದ್ದನ್ನು ಫೋನಿನಲ್ಲಿ ಫೋಟೋ ತೆಗೆದು ಸೇರಿಸಲಿ. ಒಂದು ಸ್ಲೈಡ್ ಅಂದರೆ ಒಂದು ಚೌಕ. ಗುಳ್ಳೆಯ ಆಕಾರ ಅದರಲ್ಲೇ ಸಿಗುತ್ತೆ. ಮೊದಲು ಮಾತು ಕೂರಿಸಿ ಆಮೇಲೆ ಚಿತ್ರ ಸರಿಸಬೇಕು, ಇಲ್ಲದಿದ್ದರೆ ಗುಳ್ಳೆ ಯಾರದ್ದಾದರೂ ಮುಖದ ಮೇಲೆ ಕೂರುತ್ತೆ. ಮೊದಲು ಮಾತಾಡುವವನ ಗುಳ್ಳೆ ಎಡಕ್ಕೆ, ಸ್ವಲ್ಪ ಮೇಲೆ ಇರಲಿ. ಒತ್ತಕ್ಷರಗಳು ಕೆಳಗೆ ಇಳಿಯುತ್ತವಲ್ಲ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕೆಡದ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸು, ಮುಗಿದ ಮೇಲೆ ಪಿಡಿಎಫ್ ಮಾಡಿಡು. ಹಳೆಯ ಫಾಂಟಿನಲ್ಲಿ ಮಾಡಿದ ಒಂದು ಇಡೀ ಕಥೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರವೆಲ್ಲ ಕಲಸಿಹೋಗಿತ್ತು. ಆ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ.

ಹೊಸ ಆ್ಯಪ್ ಹಾಕುವ ಮುಂಚೆ ವಯಸ್ಸಿನ ನಿಯಮ ಓದು. 13 ತುಂಬದ ಮಕ್ಕಳು ತಾವಾಗಿ ಖಾತೆ ತೆರೆಯುವಂತಿಲ್ಲ ಅಂತ ಎಷ್ಟೋ ಕಡೆ ಇರುತ್ತೆ. ನೆಟ್‌ನಿಂದ ಯಾರದ್ದೋ ಚಿತ್ರ ಎತ್ತಿ ಹಾಕುವುದೂ ಬೇಡ. ಕಂಪ್ಯೂಟರ್ ಕಡಿಮೆ ಇದ್ದರೆ ಮೂವರಿಗೊಂದು ಕೊಡು, ಆದರೆ ಮೌಸ್ ಸರದಿಯ ಮೇಲೆ ತಿರುಗಲಿ. ಜೋರಿನವನ ಕೈಯಲ್ಲೇ ಉಳಿದುಬಿಡುತ್ತೆ, ನೋಡುತ್ತಿರು.

ಕೊನೆಗೆ ಎಲ್ಲರ ಕಥೆಯನ್ನೂ ಪ್ರಿಂಟ್ ಹಾಕಿಸಿ ಮಕ್ಕಳ ಎತ್ತರಕ್ಕೆ ಗೋಡೆಗೆ ಅಂಟಿಸಿದೆವು. ಲೋಟದ ಹುಡುಗಿಯ ತಮ್ಮ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ. ಗೆಳೆಯರ ಜೊತೆ ನಗುತ್ತಾ ಓದುತ್ತಾ ಬಂದವನು ಚೆಂಡಿನ ಚೌಕದ ಮುಂದೆ ನಿಂತುಬಿಟ್ಟ. ಗೆಳೆಯರು ಮುಂದೆ ಹೋದರೂ ಅವನು ಹೋಗಲಿಲ್ಲ.

ನಿನ್ನ ಮಕ್ಕಳ ಮೊದಲ ಹಾಳೆ ಸಿದ್ಧವಾದ ಕೂಡಲೇ ನನಗೆ ಕಳಿಸು. ಪೆನ್ಸಿಲ್ಲಿನಲ್ಲಿ ಬರೆದದ್ದೇ ಸಾಕು, ಕಾಯುತ್ತಿರುತ್ತೇನೆ.

ಇಂತಿ ನಿನ್ನ ಗೆಳೆಯ